ಎಡಗೈ ತೋರುಬೆರಳು

ಜೂನ್ 3

ಗುಬ್ಬೀ,

ಮೊದಲು ಕೂತುಕೋ. ಕೂತೆಯಾ? ನೀನು ಚಿಕ್ಕಜ್ಜಿ ಆಗುತ್ತಿದ್ದೀಯ. ಮಗಳಿಗೆ ಐದು ತಿಂಗಳು. ಹೊಟ್ಟೆ ಇನ್ನೂ ಸರಿಯಾಗಿ ಕಾಣುವುದಿಲ್ಲ, ಆದರೆ ಅವಳ ಅತ್ತೆಗೆ ಆಗಲೇ ಮೊಮ್ಮಗುವಿನ ಮೂಗು ಯಾರ ಹಾಗಿರುತ್ತದೆ ಎನ್ನುವುದೂ ಗೊತ್ತು.

ಆ ಬೀಗಿತ್ತಿಯ ಸಲುವಾಗಿಯೇ ಬರೆಯುತ್ತಿದ್ದೇನೆ. ಹೋದ ವಾರ ಬಂದಿದ್ದಳು. ತೊಟ್ಟಿಲು ಎಲ್ಲಿಂದ ತರಿಸುತ್ತಾರೆ, ಬಟ್ಟೆ ಎಲ್ಲಿಂದ ತರಿಸುತ್ತಾರೆ ಎಂದು ಒಂದೊಂದಾಗಿ ಹೇಳಿ, ಕೊನೆಗೆ ನನ್ನ ಮುಖ ನೋಡಿ, "ನಿಮ್ಮ ಕಡೆಯಿಂದ ಏನೂ ಬೇಡ. ಪಾಪ, ನಿಮಗೆ ಅಂಗಡಿ ಕೆಲಸಾನೇ ಸಾಕಾಗಿರುತ್ತೆ" ಅಂದಳು. ಆ ಪಾಪ ಎನ್ನುವ ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ. ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ: "ನನ್ನ ತಂಗಿ ಕೌದಿ ಹೊಲೀತಾಳೆ. ಒಂದೊಂದು ಹೊಲಿಗೇನೂ ಕೈದೇ. ಮಗುಗೆ ನಮ್ಮ ಮನೆಯಿಂದ ಅದೇ ಬರುತ್ತೆ."

ಆದ್ದರಿಂದ ಈಗ ನೀನು ಹೊಲಿಯಬೇಕು. ನಮ್ಮ ಹೊಲಿಗೆ ಅಂಗಡಿಯಲ್ಲಿ ಉಳಿದ ಬಟ್ಟೆ ಚೂರುಗಳನ್ನೆಲ್ಲ ಆರಿಸಿ, ತೊಳೆದು, ಗಂಟು ಕಟ್ಟಿ ಕಳಿಸಿದ್ದೇನೆ. ಒಂದು ಮಾತು, ಮಿಷನ್ ಮುಟ್ಟಿಸಬೇಡ. ಟೈಲರನ ಮನೆಯಿಂದ ಮಿಷನ್ ಹೊಲಿಗೆ ಹೋದರೆ ಅಂಗಡಿಯಲ್ಲಿ ಉಳಿದ ಮಾಲು ಅಂದುಕೊಳ್ಳುತ್ತಾಳೆ. ನಾನೇ ಹೊಲಿಯುತ್ತಿದ್ದೆ, ಆದರೆ ಕಾಜಾ, ಗುಂಡಿ, ಹುಕ್ಕು, ಇಸ್ತ್ರಿ ಎಲ್ಲ ನನ್ನ ತಲೆಗೇ. ನಾನು ಹೊಟ್ಟೆಪಾಡಿಗೆ ಹೊಲಿಯುವವಳು, ನೀನು ಖುಷಿಗೆ ಹೊಲಿಯುವವಳು. ಖುಷಿಯಾಗಿ ಹೊಲಿ.

ಉತ್ತರ ಬರೆ. ಫೋನ್ ಬೇಡ. ಅಂಗಡಿಯಲ್ಲಿ ಮಾತಾಡಿದರೆ ಅಳತೆ ಕೊಡಲು ಬಂದವರೆಲ್ಲ ಕಿವಿ ನೆಟ್ಟಗೆ ಮಾಡಿ ನಿಲ್ಲುತ್ತಾರೆ.

ನಿನ್ನ ಅಕ್ಕ


ಜೂನ್ 16

ಪ್ರೀತಿಯ ಅಕ್ಕಾ,

ಚಿಕ್ಕಜ್ಜಿಯ ನಮಸ್ಕಾರ. ಸುದ್ದಿಯನ್ನು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೇಳಿದೆ. ಎಲ್ಲರೂ ನನ್ನ ಕೂದಲಲ್ಲಿ ಬಿಳಿ ಹುಡುಕಿದರು. ಸಿಕ್ಕಿತು.

ಗಂಟು ತಲುಪಿತು. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳೇ ಕೋಣೆಯ ನೆಲದ ಮೇಲೆ ಚೂರುಗಳನ್ನು ಹರಡಿಕೊಂಡು ಕೂತೆ. ಊಟ ಮರೆತೆ. ಯಾರದೋ ಅಂಗಿಯ ನೀಲಿ, ಯಾರದೋ ಲಂಗದ ಹಸಿರು, ಸ್ಕೂಲು ಮಕ್ಕಳ ಚೌಕುಳಿ ಬಟ್ಟೆ. ನಡುವೆ ಒಂದು ನಕ್ಷತ್ರ ಕೂರಿಸುತ್ತೇನೆ, ಸುತ್ತ ಸಣ್ಣ ಚೌಕಗಳು. ತೊಟ್ಟಿಲ ಅಳತೆ ಸಾಕಲ್ಲವೇ?

ನೀನು ಖುಷಿ ಅಂದೆ. ಹೌದು. ವಾರ್ಡಿನಲ್ಲಿ ನಾನು ಮಾಡಿದ್ದು ಯಾವುದೂ ಮಾಡಿದ ಹಾಗೆ ಉಳಿಯುವುದಿಲ್ಲ. ಹಾಸಿಗೆ ಸರಿಮಾಡಿದರೆ ಗಳಿಗೆಯಲ್ಲಿ ಕೆಡುತ್ತದೆ. ಮಗು ಗುಣವಾದರೆ ಮನೆಗೆ ಹೋಗುತ್ತದೆ, ಮತ್ತೆ ನನ್ನ ನೆನಪೂ ಅದಕ್ಕಿರುವುದಿಲ್ಲ. ಹೊಲಿಗೆ ಮಾತ್ರ ನಾನು ಇಟ್ಟಲ್ಲಿ ಇರುತ್ತದೆ. ಮನೆಗೆ ಬಂದು ಸೂಜಿ ಹಿಡಿಯದಿದ್ದರೆ ಆ ಮಕ್ಕಳ ಅಳುವೆಲ್ಲ ನನ್ನ ತಲೆಯೊಳಗೇ ಕೂತುಬಿಡುತ್ತದೆ.

ಒಂದು ತಮಾಷೆ ಹೇಳುತ್ತೇನೆ. ಇಲ್ಲಿ ನನಗೆ ಬೆರಳು ಸಿಸ್ಟರ್ ಎಂದು ಹೆಸರು ಬಿದ್ದಿದೆ. ಕೂಸುಗಳ ಕೈಯಲ್ಲಿ ನರ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದಲೇ ಹುಡುಕಬೇಕು. ಎಡಗೈ ತೋರುಬೆರಳನ್ನು ಚರ್ಮದ ಮೇಲೆ ಇಟ್ಟು ಸುಮ್ಮನಿದ್ದರೆ, ಒಂದು ಕಡೆ ಸ್ವಲ್ಪ ಪುಟಿಯುತ್ತದೆ. ಅಲ್ಲಿ ಡ್ರಿಪ್ಪಿನ ಸೂಜಿ ಇಳಿಸಬೇಕು. ಬೇರೆಯವರಿಗೆ ಸಿಗದಿದ್ದರೆ, "ಬೆರಳು ಸಿಸ್ಟರ್‌ನ ಕರೀರಿ" ಅನ್ನುತ್ತಾರೆ, ದೊಡ್ಡ ಡಾಕ್ಟರೂ ಸೇರಿ. ಕೌದಿಯಲ್ಲೂ ಅದೇ ಬೆರಳಿಗೇ ಕೆಲಸ. ಬಲಗೈ ಮೇಲಿನಿಂದ ಸೂಜಿ ಇಳಿಸುತ್ತದೆ, ಎಡಗೈ ತೋರುಬೆರಳು ಬಟ್ಟೆಯ ಕೆಳಗೆ ಕಾದಿರುತ್ತದೆ. ಮೊನೆ ತಾಕಿದ ಕೂಡಲೇ ತಿರುಗಿಸಿ ಮೇಲಕ್ಕೆ ಕಳಿಸಬೇಕು. ತಾಕದಿದ್ದರೆ ಹೊಲಿಗೆ ಕೆಳಗಿನ ಪದರವನ್ನು ಹಿಡಿಯುವುದಿಲ್ಲ.

ಭಾವನಿಗೆ ನನ್ನ ನೆನಪು ಹೇಳು. ಮಗಳಿಗೆ ಭಾರ ಎತ್ತಬೇಡ ಎನ್ನು.

ನಿನ್ನ ಗುಬ್ಬಿ


ಜುಲೈ 5

ಗುಬ್ಬೀ,

ತೊಟ್ಟಿಲ ಅಳತೆ ಸಾಲದು. ಮಂಚದ ಅಳತೆ ಮಾಡು.

ಆದದ್ದಿಷ್ಟು. ಬೀಗಿತ್ತಿ ತನ್ನ ಅಕ್ಕ ತಂಗಿಯರಿಗೆಲ್ಲ ಕೌದಿಯ ವಿಷಯ ಹೇಳಿಕೊಂಡು ಬಂದಿದ್ದಾಳೆ. ದೊಡ್ಡ ಮಂಚದ ಮೇಲೆ ಹಾಸಿ ಮಗುವನ್ನು ನಡುವೆ ಮಲಗಿಸಿ ಎಲ್ಲರಿಗೂ ತೋರಿಸುತ್ತಾಳಂತೆ. "ಹೊಲಿಗೆ ಸಣ್ಣದಿರುತ್ತೆ ತಾನೆ?" ಎಂದು ಕೇಳಿದಳು. "ಅಕ್ಕಿಕಾಳಿಗಿಂತ ಸಣ್ಣದು" ಅಂದೆ. ಆಯಿತು, ಬಾಯಿಂದ ಬಂದುಹೋಯಿತು, ಈಗ ನೀನು ಹಾಗೇ ಹೊಲಿಯಬೇಕು. ಅವಳು ಬಟ್ಟೆಯನ್ನು ತಿರುವಿ ಹಾಕಿ ಹಿಂಬದಿ ನೋಡುವ ಜಾತಿಯ ಹೆಂಗಸು.

ಇನ್ನೊಂದು ಗಂಟು ಕಳಿಸಿದ್ದೇನೆ. ಆಸ್ಪತ್ರೆಯಲ್ಲಿ ಉಟ್ಟ ಬಟ್ಟೆಯ ತುಂಡು ಒಂದೂ ಸೇರಿಸಬೇಡ. ನಿನ್ನ ಬೆರಳಿನ ಕಥೆ ನಿನ್ನ ಭಾವನಿಗೆ ಓದಿ ಹೇಳಿದೆ, ನಕ್ಕರು.

ಅಕ್ಕ


ಆಗಸ್ಟ್ 7

ಪ್ರೀತಿಯ ಅಕ್ಕಾ,

ಉತ್ತರ ತಡವಾಯಿತು. ಮಂಚದ ಅಳತೆಗೆ ಹೊಲಿಯುವುದೆಂದರೆ ಬಿಡುವಿನ ಹೊತ್ತೆಲ್ಲ ಅದಕ್ಕೇ. ನಕ್ಷತ್ರ ಮುಗಿದಿದೆ, ಚೆನ್ನಾಗಿ ಬಂದಿದೆ. ಹೊಲಿಗೆ ನೀನು ಹೇಳಿದಷ್ಟೇ ಸಣ್ಣದು. ನಾನೇ ಹಿಂಬದಿ ತಿರುವಿ ನೋಡುತ್ತೇನೆ, ಬೀಗಿತ್ತಿಯ ಕಣ್ಣಿನಿಂದ.

ಒಂದು ತೊಂದರೆಯಾಗಿದೆ. ಸೂಜಿ ತಾಕಿ ತಾಕಿ ಎಡಗೈ ತೋರುಬೆರಳಿನ ತುದಿ ಜಡ್ಡುಗಟ್ಟಿದೆ. ಮೊದಲೂ ಸ್ವಲ್ಪ ಗಟ್ಟಿಯಾಗುತ್ತಿತ್ತು. ಆಗ ವಾರಕ್ಕೆ ಒಂದೆರಡು ಸಲ ಹೊಲಿಯುತ್ತಿದ್ದೆ, ತಾನಾಗಿ ಸರಿಹೋಗುತ್ತಿತ್ತು. ಈಗ ಉಗುರಿನ ಹಾಗಾಗಿದೆ. ನಿನ್ನೆ ಒಂದು ಮಗುವಿನ ಕೈಮೇಲೆ ಬೆರಳಿಟ್ಟು ನಿಂತೆ. ಏನೂ ತಿಳಿಯಲಿಲ್ಲ. ಕದದ ಮೇಲೆ ಬೆರಳಿಟ್ಟ ಹಾಗಿತ್ತು. ಬಲಗೈ ಬೆರಳಿನಿಂದ ಹುಡುಕಿ ಹೇಗೋ ಮುಗಿಸಿದೆ. ಹೆಡ್ ಸಿಸ್ಟರ್ ಪಕ್ಕದಲ್ಲೇ ಇದ್ದರು. ನೋಡಿದರು.

ಬೆರಳಿಗೆ ಲೋಹದ ಟೊಪ್ಪಿ ಹಾಕಿಕೊಂಡು ನೋಡಿದೆ. ಬಟ್ಟೆಯ ಕೆಳಗೆ ಅದು ನಡೆಯುವುದಿಲ್ಲ, ಮೊನೆ ಬಂದದ್ದು ಗೊತ್ತಾಗದೆ ಹೊಲಿಗೆ ದೊಡ್ಡದಾಗುತ್ತದೆ. ಉಳಿದ ಚೌಕಗಳನ್ನು ಮಿಷನ್ನಿನಲ್ಲಿ ಹೊಲಿದರೆ ಆಗದೇ? ನಕ್ಷತ್ರ ಹೇಗೂ ಕೈಯದು. ಇಲ್ಲವೇ ಅಳತೆ ಸ್ವಲ್ಪ ಕಡಿಮೆ ಮಾಡಲೇ? ನೀನು ಹೂಂ ಅಂದರೆ ಸಾಕು.

ಈ ಬೆರಳು ಹೋದರೆ ಮಕ್ಕಳ ವಾರ್ಡಿನಲ್ಲಿ ನನಗೇನು ಕೆಲಸ?

ಗುಬ್ಬಿ


ಆಗಸ್ಟ್ 17

ಗುಬ್ಬೀ,

ಮಿಷನ್ ಬೇಡ ಎಂದು ಮೊದಲೇ ಹೇಳಿದ್ದೆ. ಅಳತೆಯೂ ಕಡಿಮೆ ಬೇಡ. ಬೆರಳಿಗೆ ರಾತ್ರಿ ಎಣ್ಣೆ ಹಚ್ಚಿ ಮಲಗು.

ಮಗಳ ಕಾಲು ಊದಿಕೊಂಡಿದೆ. ಡಾಕ್ಟರು ಏನೂ ಇಲ್ಲ ಅನ್ನುತ್ತಾರೆ. ಅವಳಿಗೆ ನಾನು ಮಾಡಿದ್ದು ಯಾವುದೂ ಹಿಡಿಸುವುದಿಲ್ಲ ಈಗ, ಅತ್ತೆ ಮನೆಯದೇ ರುಚಿ, ಅತ್ತೆ ಮನೆಯದೇ ಮಾತು. ನಾವು ಮೂವರೂ ಒಂದೇ ಕಡೆ ಕೂತಾಗ ಅವರಿಬ್ಬರೂ ಒಂದು ಕಡೆ, ನಾನು ಒಂದು ಕಡೆ. ಕೌದಿಯ ಮಾತು ಬಂದಾಗ ಮಾತ್ರ ಇಬ್ಬರೂ ನನ್ನ ಕಡೆ ತಿರುಗುತ್ತಾರೆ. ಅದೊಂದು ಹೋದರೆ ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಅಮ್ಮ ಹೋದಾಗ ನಿನಗೆ ಏಳು ವರ್ಷ. ನಿನ್ನ ಜಡೆ ಯಾರು ಹಾಕಿದರು, ನಿನ್ನನ್ನು ನರ್ಸಿಂಗ್ ಓದಲು ಯಾರು ಕಳಿಸಿದರು ಎಂದು ನಾನು ಯಾವತ್ತೂ ಎತ್ತಿ ಆಡಿದವಳಲ್ಲ. ಈಗಲೂ ಆಡುವುದಿಲ್ಲ.

ಅಂಚಿಗೆ ಕಡುಗೆಂಪು ಬಟ್ಟೆ ಕಳಿಸುತ್ತೇನೆ.

ಅಕ್ಕ


ಸೆಪ್ಟೆಂಬರ್ 8

ಅಕ್ಕಾ,

ಎಣ್ಣೆ ಹಚ್ಚುತ್ತಿದ್ದೇನೆ. ಹಗಲು ಜಡ್ಡುಗಟ್ಟಿಸಿ ರಾತ್ರಿ ಎಣ್ಣೆ ಹಚ್ಚುವ ಬುದ್ಧಿವಂತೆ ನಾನು.

ಇದನ್ನು ದಯವಿಟ್ಟು ಪೂರ್ತಿ ಓದು. ಹೋದ ಮಂಗಳವಾರ ವಾಂತಿ ಭೇದಿಯಿಂದ ಒಣಗಿಹೋದ ಒಂದು ಕೂಸು ಬಂತು. ಕಣ್ಣು ಗುಳಿಬಿದ್ದಿತ್ತು, ಅಳಲೂ ಶಕ್ತಿಯಿರಲಿಲ್ಲ. ಹೊಸ ಹುಡುಗಿ ನೋಡಿ ಆಗದೆ ನನ್ನನ್ನು ಕರೆದಳು. ನಾನು ಮೂರು ಸಲ ಚುಚ್ಚಿದೆ. ಮೂರೂ ಸಲ ತಪ್ಪಿತು. ನರ ಇಲ್ಲೇ ಇದೆ ಎಂದು ಬೆರಳು ಹೇಳುತ್ತದೆಂದು ಕಾದೆ. ಬೆರಳು ಬಾಯಿ ಬಿಡಲಿಲ್ಲ. ಕೊನೆಗೆ ಡಾಕ್ಟರು ಬಂದು ಕುತ್ತಿಗೆಯಲ್ಲಿ ಹಾಕಿದರು. ಮಗು ಬದುಕಿತು, ಹೆದರಬೇಡ. ಅದರ ತಾಯಿ ನನ್ನ ಹತ್ತಿರ ಬಂದು, "ಬೆರಳು ಸಿಸ್ಟರ್ ಅಂದ್ರೆ ನೀವೇನಾ? ಪಕ್ಕದ ಹಾಸಿಗೆಯವರು ಹೇಳಿದ್ರು ಅಂತ ನಾನೇ ನಿಮ್ಮನ್ನ ಕರೀರಿ ಅಂದೆ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ.

ಹೆಡ್ ಸಿಸ್ಟರ್ ನನ್ನನ್ನು ಔಷಧಿ ಕೋಣೆಗೆ ಕರೆದು, ಬೆರಳನ್ನು ಹಿಡಿದು ಒತ್ತಿ ನೋಡಿದರು. "ಇದೇನು ಮಾಡ್ಕೊಂಡಿದ್ದೀಯಾ? ಒಂದು ತಿಂಗಳು ಸೂಜಿ ದಾರ ಮುಟ್ಟಬೇಡ. ಚರ್ಮ ಮೆತ್ತಗಾಗುತ್ತೆ. ಅಲ್ಲೀವರೆಗೆ ನಿನ್ನ ಜಾಗ ಹಿಡಿದಿಟ್ಕೋತೀನಿ. ಅದೂ ಆಗಲ್ಲ ಅಂದ್ರೆ ನಿನ್ನ ಹೊರಗಡೆ ಚೀಟಿ ಕೊಡೋ ಕಡೆ ಹಾಕಿ ಹೊಸಬಳನ್ನ ಇಲ್ಲಿ ಇಟ್ಕೋತೀನಿ. ಮಕ್ಕಳ ಜೀವ ಕಣಮ್ಮ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಈಗ ಒಂದು ತಿಂಗಳು ನಿಲ್ಲಿಸಿದರೆ ಹೆರಿಗೆಗೆ ಮುಂಚೆ ಮುಗಿಯುವುದಿಲ್ಲ. ಕೌದಿ ತಡವಾಗಿ ಬಂದರೆ ಮಗುವಿಗೆ ತಿಳಿಯುವುದಿಲ್ಲ, ಬೀಗಿತ್ತಿಗೆ ತಿಳಿಯುತ್ತದೆ, ಅಷ್ಟೆ. ಬಿಡು ಎಂದು ಒಂದು ಮಾತು ಬರೆ. ಕಾರ್ಡಿನಲ್ಲಿ ಅದೊಂದೇ ಮಾತು ಬರೆದು ಹಾಕಿದರೂ ಸಾಕು. ನೀನು ಹೇಳಿದ ಕೆಲಸವನ್ನು ನಾನಾಗಿ ಬಿಡಲು ನನಗೆ ಬರುವುದಿಲ್ಲ, ನಿನಗೇ ಗೊತ್ತು. ಈ ವಾರ್ಡು ಬಿಟ್ಟರೆ ನನಗೆ ಬೇರೇನೂ ಇಲ್ಲ, ಅದೂ ನಿನಗೆ ಗೊತ್ತು.

ಕಾಯುತ್ತಿರುತ್ತೇನೆ. ಉತ್ತರ ಬರುವವರೆಗೆ ಸೂಜಿ ಮುಟ್ಟುವುದಿಲ್ಲ.

ಗುಬ್ಬಿ


ಸೆಪ್ಟೆಂಬರ್ 18

ಗುಬ್ಬೀ,

ಕಡುಗೆಂಪು ಬಟ್ಟೆ ಈ ಪತ್ರದ ಜೊತೆಗೇ ಬರುತ್ತದೆ. ಅಂಚನ್ನು ಎರಡು ಬೆರಳಗಲ ಇಡು, ಮೂಲೆಗಳನ್ನು ಕತ್ತರಿಸದೆ ಮಡಚಿ ಹೊಲಿ. ಹೆರಿಗೆ ಒಂದು ವಾರ ಮುಂಚೆ ಆಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಬರುವ ತಿಂಗಳು ಹದಿನೈದನೇ ತಾರೀಖಿಗೆ ಪಾರ್ಸೆಲ್ ಇಲ್ಲಿರಬೇಕು.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ.

ಅಕ್ಕ


ಅಕ್ಟೋಬರ್ 9

ಅಕ್ಕ,

ಪಾರ್ಸೆಲ್ ಕಳಿಸಿದ್ದೇನೆ. ಒಳಗೆ ಪ್ಲಾಸ್ಟಿಕ್ ಸುತ್ತಿದೆ, ಕತ್ತರಿ ಹಾಕುವಾಗ ಬಟ್ಟೆ ನೋಡಿಕೊಂಡು ಹಾಕು. ಮೂಲೆಗಳನ್ನು ಮಡಚಿ ಹೊಲಿದಿದ್ದೇನೆ. ಆಸ್ಪತ್ರೆಯ ಬಟ್ಟೆ ಒಂದೂ ಇಲ್ಲ. ತಣ್ಣೀರಿನಲ್ಲೇ ಒಗೆಯಬೇಕು. ನೀಲಿ ಮತ್ತು ಕಡುಗೆಂಪು ಬಣ್ಣ ಬಿಡುತ್ತವೆ.

ನಾನು ಈಗ ಹೊರರೋಗಿಗಳಿಗೆ ಚೀಟಿ ಕೊಡುವ ಕಡೆ ಇದ್ದೇನೆ. ಗಾಜಿನ ಹಿಂದೆ ಕುರ್ಚಿ ಇದೆ, ಫ್ಯಾನೂ ಇದೆ. ವಯಸ್ಸು ಕೇಳಿ ಬರೆದು, ಚೀಟಿ ಹರಿದು ಕೊಡಬೇಕು. ಮಕ್ಕಳನ್ನು ಎತ್ತಿಕೊಂಡು ಬಂದವರಿಗೆ ಎಡಕ್ಕೆ ಹೋಗಿ ಎಂದು ಕೈ ತೋರಿಸುತ್ತೇನೆ. ವಾರ್ಡು ಎಡಕ್ಕಿದೆ.

ಮಗಳ ಹೆರಿಗೆ ಸುಸೂತ್ರವಾಗಲಿ.

ತಂಗಿ


ನವೆಂಬರ್ 4

ಗುಬ್ಬೀ,

ಗಂಡುಮಗು. ಕೆಂಪಗೆ, ಬೊಗಸೆಯಷ್ಟಿದೆ, ಕಂಠ ಮಾತ್ರ ಬೀದಿಯ ಕೊನೆಯವರೆಗೆ ಕೇಳುತ್ತದೆ. ಮಗಳು ಚೆನ್ನಾಗಿದ್ದಾಳೆ. ಮೂಗು ನಮ್ಮ ಅಪ್ಪನದು, ಬೀಗಿತ್ತಿ ಒಪ್ಪುವುದಿಲ್ಲ.

ಕೌದಿ ಸಮಯಕ್ಕೆ ಸರಿಯಾಗಿ ಬಂತು. ಎಲ್ಲರೂ ನೋಡಿದರು. ಬೀಗಿತ್ತಿ ಹಿಂಬದಿ ತಿರುವಿದಳು. ಹೊಲಿಗೆಯಲ್ಲಿ ಒಂದು ತಪ್ಪು ತೆಗೆಯಲು ಆಗಲಿಲ್ಲ ಅವಳಿಗೆ. ಆಮೇಲೆ, "ನಿಮ್ಮ ತಂಗಿ ಇರೋದು ಆಸ್ಪತ್ರೇಲಿ ಅಲ್ವಾ? ಎಂತೆಂಥಾ ಕಾಯಿಲೆ ಮುಟ್ಟಿದ ಕೈಯೋ. ಹಸುಗೂಸಿನ ಮೈಗೆ ಹಾಕೋದು, ಒಂದ್ಸಲ ಕುದಿಯೋ ನೀರಿಗೆ ಔಷಧಿ ಹಾಕಿ ನೆನೆಸಿಬಿಡಿ" ಅಂದಳು. ಅವಳ ಮನೆ, ಅವಳ ಮೊಮ್ಮಗ. ನೆನೆಸಿದೆವು. ಬಣ್ಣವೆಲ್ಲ ಒಂದಕ್ಕೊಂದು ಹತ್ತಿಕೊಂಡು ಕೆಸರಿನ ಹಾಗಾಯಿತು, ನಕ್ಷತ್ರ ಎಲ್ಲಿತ್ತು ಎಂದು ಹುಡುಕಬೇಕು. ಒಳಗಿನ ಪದರವೂ ಗಂಟುಗಂಟಾಯಿತು. ಮಗುವಿಗೆ ಹೊದಿಸುವ ಹಾಗಿಲ್ಲ. ಎಸೆಯಲು ಮನಸ್ಸು ಬರಲಿಲ್ಲ, ನಾನು ವಾಪಸು ತಂದೆ. ಈಗ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮೇಲೆ ಹಾಸಿದ್ದೇವೆ. ಹಳೆಯ ಕಂಬಳಿ ಸುಟ್ಟು ತೂತಾಗಿತ್ತು. ಇದು ಒಳ್ಳೆ ಮೆತ್ತಗಿದೆ ಎಂದು ನಿನ್ನ ಭಾವ ಹೇಳಿದರು.

ನಿನಗೆ ಕೂತು ಮಾಡುವ ಕೆಲಸ ಸಿಕ್ಕಿದ್ದು ಕೇಳಿ ಸಮಾಧಾನವಾಯಿತು. ಎಷ್ಟು ವರ್ಷ ಓಡಾಡಿದ್ದೀಯ, ಕಾಲಿಗೆ ವಿಶ್ರಾಂತಿ. ಹಬೆಯಾಡುವ ಇಸ್ತ್ರಿಯ ಮುಂದೆ ನಿಲ್ಲುವವರಿಗೆ ಗೊತ್ತು ಕುರ್ಚಿಯ ಬೆಲೆ.

ಮಗು ನೋಡಲು ಯಾವಾಗ ಬರುತ್ತೀ?

ಅಕ್ಕ


ಜನವರಿ 14

ಗುಬ್ಬೀ,

ಎರಡು ಕಾರ್ಡು ಹಾಕಿದೆ, ಉತ್ತರವಿಲ್ಲ. ಬಣ್ಣ ಹೋಯಿತೆಂದು ಮುಖ ಊದಿಸಿಕೊಂಡಿದ್ದೀಯಾ? ಆಗಿದ್ದು ಆಯಿತು. ಬಟ್ಟೆ ತಾನೇ.

ಇಲ್ಲಿ ನಮ್ಮ ಜೀವ ಬಾಯಿಗೆ ಬಂದಿತ್ತು. ಮಗುವಿಗೆ ಜ್ವರ ಬಂದು, ಹಾಲು ಬಿಟ್ಟು, ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಹಾಕಬೇಕು ಅಂದರು. ಒಬ್ಬಳು ಬಂದು ಚುಚ್ಚಿದಳು, ಆಗಲಿಲ್ಲ. ಇನ್ನೊಬ್ಬಳು ಬಂದಳು, ಆಗಲಿಲ್ಲ. ಕೈಯಲ್ಲಿ, ಕಾಲಲ್ಲಿ, ತಲೆಯಲ್ಲಿ, ಎಲ್ಲಿ ನೋಡಿದರೂ ಚುಚ್ಚಿದ ಗುರುತು. ಮಗಳು ಕಿವಿ ಮುಚ್ಚಿಕೊಂಡು ಹೊರಗೆ ಓಡಿಹೋದಳು. ಮಗುವಿನ ಕಾಲು ಹಿಡಿದುಕೊಂಡು ನಿಂತವಳು ನಾನೊಬ್ಬಳೇ. ಆಮೇಲೆ ವಯಸ್ಸಾದ ಒಬ್ಬ ನರ್ಸಮ್ಮ ಬಂದರು. ಮಗುವಿನ ಮುಂಗೈ ಮೇಲೆ ಎಡಗೈ ಬೆರಳು ಇಟ್ಟು ಸುಮ್ಮನೆ ನಿಂತರು. ಒಂದೇ ಸಲಕ್ಕೆ ಸೂಜಿ ಹೋಯಿತು.

ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಆ ಬೆರಳನ್ನು ಮುಟ್ಟಿ ನೋಡಿದೆ. ಮೆತ್ತಗಿತ್ತು.

ಮಗು ಈಗ ಮನೆಯಲ್ಲಿದೆ, ಹಾಲು ಕುಡಿಯುತ್ತಿದೆ. ಉತ್ತರ ಬರೆ.

ಅಕ್ಕ


ಜನವರಿ 23

ಅಕ್ಕ,

ಮಗು ಮನೆಗೆ ಬಂದದ್ದು ಸಂತೋಷ. ಚುಚ್ಚಿದ ಜಾಗಗಳು ನೀಲಿಯಾಗಿದ್ದರೆ ಉಜ್ಜಬೇಡಿ, ತಾನಾಗಿ ಹೋಗುತ್ತವೆ.

ನಾನು ಬರೆಯದೆ ಇದ್ದದ್ದು ಬಣ್ಣ ಹೋಯಿತೆಂದಲ್ಲ. ಆ ಕೌದಿಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಓಡುವುದನ್ನು ನೆನೆಸಿಕೊಂಡರೆ ನೋವಾಗುತ್ತದೆ, ನಿಜ. ಆದರೆ ನಾನು ಕೇಳಬೇಕೆಂದಿದ್ದು ಬೇರೆ. ಕೇಳಲು ಧೈರ್ಯವಿರಲಿಲ್ಲ, ಈಗ ನೀನೇ ದಾರಿ ಮಾಡಿಕೊಟ್ಟಿದ್ದೀಯ.

ಆ ನರ್ಸಮ್ಮನ ಬೆರಳನ್ನು ಮುಟ್ಟಿ ನೋಡಬೇಕೆಂದು ನಿನಗೆ ಹೇಗೆ ಹೊಳೆಯಿತು? ಮಗುವಿನ ಜೀವ ಉಳಿಸಿದವರ ಕೈ ಹಿಡಿದುಕೊಳ್ಳುತ್ತಾರೆ, ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಬೆರಳ ತುದಿ ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಯಾರೂ ನೋಡುವುದಿಲ್ಲ. ನೀನು ನೋಡಿದೆ. ಹೆಡ್ ಸಿಸ್ಟರ್ ನನ್ನ ಬೆರಳನ್ನು ಒತ್ತಿ ನೋಡಿ ಮೆತ್ತಗಾಗುತ್ತೆ ಅಂದದ್ದನ್ನು ನಾನು ಬರೆದದ್ದು ಸೆಪ್ಟೆಂಬರಿನ ಪತ್ರದಲ್ಲಿ ಮಾತ್ರ. ಹಾಗಾದರೆ ಅದನ್ನು ನೀನು ಓದಿದ್ದೆ.

ಇಷ್ಟು ದಿನ ನಿನ್ನ ಪರವಾಗಿ ನಾನೇ ವಕಾಲತ್ತು ಮಾಡುತ್ತಿದ್ದೆ. ಆ ಪತ್ರ ನಿನ್ನ ಕೈಗೆ ಸೇರಿಲ್ಲ ಅಂದುಕೊಂಡೆ. ಗಿರಾಕಿಗಳ ನಡುವೆ ಭಾವ ಅರ್ಧ ಓದಿ ಮಡಚಿಟ್ಟಿರಬೇಕು ಅಂದುಕೊಂಡೆ. ಓದಿದ್ದರೆ ನನ್ನ ಅಕ್ಕ ಬಿಡು ಎಂದು ಬರೆಯದೆ ಇರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ಗಾಜಿನ ಹಿಂದೆ ಕೂತಿದ್ದೆ. ನಾನು ಕೇಳಿದ್ದು ಒಂದೇ ಮಾತು. ನೀನು ಕಡುಗೆಂಪು ಬಟ್ಟೆ ಕಳಿಸಿದೆ.

ನಾನು ದಡ್ಡಿ, ಆ ಬಟ್ಟೆ ಬಂದ ದಿನವೇ ಸೂಜಿ ಹಿಡಿದೆ. ಹೆಡ್ ಸಿಸ್ಟರ್ ಮತ್ತೆ ಬೆರಳು ನೋಡಿದಾಗ ಸುಳ್ಳು ಹೇಳಲಿಲ್ಲ. ಅವರು ನನ್ನ ಮುಖ ನೋಡಿ, "ಮನೆಯವರಿಗೆ ಹೇಳಲಿಲ್ವಾ?" ಅಂದರು. "ಹೇಳಿದೆ" ಅಂದೆ.

ಈಗ ಹೊಲಿಯುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಸೂಜಿ ಡಬ್ಬಿಯನ್ನು ಕೆಳಗಿನ ಮನೆಯ ಹುಡುಗಿಗೆ ಕೊಟ್ಟೆ. ಬೆರಳು ಮೊದಲಿನ ಹಾಗೆ ಮೆತ್ತಗಾಗಿದೆ. ಬಸ್ಸಿನಲ್ಲಿ ಪಕ್ಕದವರ ಕೂಸಿನ ಕೈ ಹಿಡಿದರೆ ನರ ಪುಟಿಯುವುದು ತಿಳಿಯುತ್ತದೆ. ವಾರ್ಡಿಗೆ ಹೋಗಿ ಕೇಳಿದೆ. ಹೊಸ ಹುಡುಗಿ ಚೆನ್ನಾಗಿ ಕಲಿತಿದ್ದಾಳೆ, ಜಾಗ ಅವಳದು, ಆದೇಶ ಆಗಿಹೋಗಿದೆ. ಚೀಟಿ ಹರಿಯಲು ಬೆರಳು ಹೇಗಿದ್ದರೂ ನಡೆಯುತ್ತದೆ.

ನಾನು ಕೇಳುತ್ತಿರುವುದು ಇಷ್ಟೇ. ಓದಿದ್ದೆಯೋ ಇಲ್ಲವೋ?

ತಂಗಿ


ಫೆಬ್ರವರಿ 6

ಗುಬ್ಬೀ,

ಓದಿದ್ದೆ. ಭಾವನ ಮೇಲೆ ಹಾಕಬೇಡ, ನಿನ್ನ ಪತ್ರಗಳನ್ನು ಅವರು ಒಡೆಯುವುದೂ ಇಲ್ಲ. ಎರಡು ಸಲ ಓದಿದೆ, ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟು ಓದಿದೆ. ಆ ಕೂಸಿನ ತಾಯಿ ನಿನಗೆ ಹೇಳಿದ ಮಾತು ಓದಿ ನನಗೂ ಅಳು ಬಂತು. ಬಿಡು ಎಂದು ಬರೆಯಲು ಕಾರ್ಡು ತೆಗೆದುಕೊಂಡೆ.

ಬರೆಯುವಾಗ ನನ್ನ ಕೈ ನನ್ನ ಕಣ್ಣಿಗೆ ಬಿತ್ತು. ಮೂವತ್ತು ವರ್ಷದಿಂದ ಕಾಜಾ ಹೊಲಿದು, ಇಸ್ತ್ರಿ ತಿಕ್ಕಿ, ಹತ್ತು ಬೆರಳೂ ಜಡ್ಡುಗಟ್ಟಿವೆ. ಕಾದ ಇಸ್ತ್ರಿಪೆಟ್ಟಿಗೆ ತಾಕಿದರೂ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಯಾವ ಹೆಡ್ ಸಿಸ್ಟರೂ ನನ್ನನ್ನು ಪಕ್ಕಕ್ಕೆ ಕರೆದು ಇದೇನು ಮಾಡಿಕೊಂಡಿದ್ದೀಯಾ ಎಂದು ಕೇಳಲಿಲ್ಲ. ನೀನು ನರ್ಸು. ಎಷ್ಟು ಸಲ ಬಂದು ಈ ಕೈಯಿಂದ ಉಂಡು ಹೋಗಿದ್ದೀಯ. ನೀನೂ ಕೇಳಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ಕರೆದು, "ನೀನು ಸ್ಕೂಲು ಬಿಡು, ಚಿಕ್ಕೋಳು ಓದಲಿ" ಅಂದರು. ಬಿಟ್ಟೆ. ಆಗ ನೀನು ಸಣ್ಣವಳು, ನಿನಗೇನು ತಿಳಿಯುತ್ತದೆ. ದೊಡ್ಡವಳಾಗಿ, ಬಿಳಿ ಬಟ್ಟೆ ಹಾಕಿಕೊಂಡು ಬಂದು ನಿಂತ ಮೇಲೂ ಒಂದು ಸಲ ಕೇಳಲಿಲ್ಲ, ಅಕ್ಕಾ ನಿನಗೆ ಓದಲು ಆಸೆಯಿತ್ತಾ ಎಂದು. ಪ್ರತಿ ಪತ್ರದಲ್ಲೂ ವಾರ್ಡು, ವಾರ್ಡು, ನನ್ನ ಬೆರಳು, ನನ್ನ ಹೆಸರು. ಹೊಟ್ಟೆಕಿಚ್ಚು ಅನ್ನು, ನಾನು ಬೇಡವೆನ್ನುವುದಿಲ್ಲ. ನಿನಗಾಗಿ ನಾನು ಬಿಟ್ಟದ್ದು ಏನೆಂದು ನನಗೆ ಗೊತ್ತಿತ್ತು. ನನಗಾಗಿ ನೀನು ಏನು ಬಿಡುತ್ತೀ ಎಂದು ನೋಡಬೇಕೆನ್ನಿಸಿತು. ಅದಕ್ಕೇ ಬರೆಯಲಿಲ್ಲ.

ನೀನು ಬಿಟ್ಟೆ. ನೋಡಿದೆ. ನೋಡಿದ ಮೇಲೆ ತಣ್ಣಗಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಬೀಗಿತ್ತಿ ಕುದಿಯುವ ನೀರು ಅಂದಾಗ, ತಣ್ಣೀರೇ ಆಗಬೇಕು ಎಂದು ನಾನು ಹೇಳಬಹುದಿತ್ತು. ನೀನು ಬರೆದದ್ದು ನೆನಪಿತ್ತು. ಹೇಳಲಿಲ್ಲ. ಆ ಹೊಲಿಗೆಗಳು ಕಣ್ಣ ಮುಂದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ನೀನು ಇನ್ನು ಬರೆಯುವುದಿಲ್ಲ ಎಂದು ಗೊತ್ತು. ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಆ ನರ್ಸಮ್ಮನ ಬೆರಳನ್ನು ನಾನು ಹಿಡಿದು ನೋಡಿದ್ದು ನಿಜ. ನಿನ್ನ ಬೆರಳು ಹೇಗಿದ್ದಿರಬಹುದು ಎಂದು ತಿಳಿಯಬೇಕಾಗಿತ್ತು. ಎರಡು ಸಲ ಒತ್ತಿದೆ, ಅವರು ನನ್ನ ಮುಖ ನೋಡಿದರು. ನನ್ನ ಕೈಗೆ ಏನೂ ತಿಳಿಯಲಿಲ್ಲ, ಗುಬ್ಬೀ. ಮೆತ್ತಗಿತ್ತು ಎಂದು ನಾನೇ ಸೇರಿಸಿ ಬರೆದೆ.

ಅಕ್ಕ